ಐದನೆಯ ಆಯಾಮ ಎಲ್ಲಿ ಅಡಗಿದೆ?

1919ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಅಂಚೆಯಲ್ಲೊಂದು ಲೇಖನ ಬಂತು. ಬರೆದವರು ಜರ್ಮನಿಯ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಸುತ್ತಿದ್ದ ಥಿಯೊಡರ್ ಕಲೂಜಾ. ಆಗ ಅವರಿಗೆ ಹೆಸರೂ ಇರಲಿಲ್ಲ, ಕಾಯಂ ಪ್ರಾಧ್ಯಾಪಕ ಹುದ್ದೆಯೂ ಇರಲಿಲ್ಲ. ಉದ್ದ, ಅಗಲ, ಎತ್ತರ, ಕಾಲ ಎಂಬ ನಾಲ್ಕು ಆಯಾಮಗಳ ಜೊತೆಗೆ ಇನ್ನೊಂದು ಇದೆಯೆಂದು ಭಾವಿಸಿ ಐನ್‌ಸ್ಟೈನರ ಗುರುತ್ವ ಸಮೀಕರಣಗಳನ್ನು ಬರೆದರೆ, ಅವುಗಳ ಒಳಗಿನಿಂದಲೇ ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತ ಸಮೀಕರಣಗಳೂ ಹೊರಬೀಳುತ್ತವೆ ಎಂದು ಅವರು ತೋರಿಸಿದ್ದರು. ಐನ್‌ಸ್ಟೈನ್ ಮೊದಲು ಮೆಚ್ಚಿದರು, ಆಮೇಲೆ ಅನುಮಾನಿಸಿದರು. ಲೇಖನ ಅಚ್ಚಾದದ್ದು 1921ರಲ್ಲಿ.

ಅಂಥ ಆಯಾಮ ಇದ್ದರೆ ಅದು ಕಾಣುವುದಿಲ್ಲವೇಕೆ? 1926ರಲ್ಲಿ ಸ್ವೀಡನ್ನಿನ ಆಸ್ಕರ್ ಕ್ಲೈನ್ ಇದಕ್ಕೆ ಉತ್ತರ ಕೊಟ್ಟರು. ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗ ದೂರದಿಂದ ಬರೀ ಒಂದು ಗೆರೆ. ಉದ್ದವೊಂದೇ ಅದರ ಆಯಾಮ. ಆದರೆ ಅದರ ಮೇಲೆ ಹರಿಯುವ ಇರುವೆಗೆ ಹಗ್ಗವನ್ನು ಸುತ್ತಿ ಬರುವ ಇನ್ನೊಂದು ದಾರಿಯೂ ಉಂಟು. ನಾಲ್ಕು ಹೆಜ್ಜೆ ಇಟ್ಟರೆ ಅದು ಹೊರಟಲ್ಲಿಗೇ ಬಂದು ಸೇರುತ್ತದೆ. ಐದನೆಯ ಆಯಾಮವೂ ಹೀಗೆಯೇ ಸುರುಳಿಗೊಂಡಿದೆ ಎಂದರು ಕ್ಲೈನ್. ಸುರುಳಿಯ ಗಾತ್ರವೋ, ಒಂದು ಸೆಂಟಿಮೀಟರನ್ನು 1ರ ಮುಂದೆ 30 ಸೊನ್ನೆ ಹಾಕಿದ ಸಂಖ್ಯೆಯಿಂದ ಭಾಗಿಸಿದಷ್ಟು!

ಗುಪ್ತ ಆಯಾಮ ಎಂದ ಕೂಡಲೇ ಕೆಲವರು ಹದಿನಾಲ್ಕು ಲೋಕಗಳನ್ನೂ ಪ್ರೇತಾತ್ಮಗಳನ್ನೂ ಎಳೆದು ತರುತ್ತಾರೆ. ಆಯಾಮ ಎಂದರೆ ಲೋಕವಲ್ಲ, ಚಲಿಸಲು ಸಾಧ್ಯವಾದ ಒಂದು ದಿಕ್ಕು, ಅಷ್ಟೆ.

ಕಲೂಜಾ, ಕ್ಲೈನರ ವಿಚಾರ ದಶಕಗಳ ಕಾಲ ಮೂಲೆಗೆ ಬಿದ್ದಿತ್ತು. 1984ರ ನಂತರ ಪ್ರಸಿದ್ಧಿಗೆ ಬಂದ ತಂತು ಸಿದ್ಧಾಂತ ಅದನ್ನು ಮತ್ತೆ ಎತ್ತಿಕೊಂಡಿತು. ಆ ಸಿದ್ಧಾಂತದ ಗಣಿತ ಸರಿಹೊಂದಲು ಒಟ್ಟು 10 ಆಯಾಮಗಳು ಬೇಕು; 1995ರಲ್ಲಿ ಎಡ್ವರ್ಡ್ ವಿಟನ್ ಅದನ್ನು 11ಕ್ಕೆ ಏರಿಸಿದರು. ಆದರೆ ಇಷ್ಟು ಸಣ್ಣ ಸುರುಳಿಯನ್ನು ಯಾವ ಉಪಕರಣದಿಂದ ನೋಡುವುದು? ಪರೀಕ್ಷಿಸಲಾಗದ ಸಿದ್ಧಾಂತ ಎಷ್ಟೇ ಸುಂದರವಾಗಿದ್ದರೂ ಭೌತವಿಜ್ಞಾನಿಗೆ ಅದು ಅರ್ಧ ಸಿದ್ಧಾಂತವೇ.

1998ರಲ್ಲಿ ನಿಮಾ ಅರ್ಕಾನಿ-ಹಮೇದ್, ಸವಾಸ್ ಡಿಮೊಪೌಲೋಸ್, ಗಿಯಾ ಡ್ವಾಲಿ ಎಂಬ ಮೂವರು ಬೇರೊಂದು ದಾರಿ ಹಿಡಿದರು. ಒಂದು ಪುಟ್ಟ ಅಯಸ್ಕಾಂತ ಗುಂಡುಸೂಜಿಯನ್ನು ಮೇಲೆತ್ತುವಾಗ ಇಡೀ ಭೂಮಿಯ ಗುರುತ್ವವನ್ನೇ ಸೋಲಿಸುತ್ತದೆ. ಗುರುತ್ವ ಇಷ್ಟು ದುರ್ಬಲವೇಕೆ? ಬೆಳಕು, ಪರಮಾಣು ಎಲ್ಲವೂ ಕಾಗದಕ್ಕೆ ಅಂಟಿದ ಶಾಯಿಯಂತೆ ನಮ್ಮ ಮೂರು ಆಯಾಮಗಳಿಗೇ ಅಂಟಿಕೊಂಡಿರಬಹುದು, ಗುರುತ್ವ ಮಾತ್ರ ಉಳಿದ ಆಯಾಮಗಳಿಗೂ ಸೋರಿಹೋಗುತ್ತಿರಬಹುದು ಎಂಬುದು ಅವರ ಊಹೆ. ಹಾಗಾದರೆ ಗುಪ್ತ ಆಯಾಮಗಳ ಗಾತ್ರ ಒಂದು ಮಿಲಿಮೀಟರಿನವರೆಗೂ ಇರಬಹುದಿತ್ತು.

ಇದನ್ನು ಪರೀಕ್ಷಿಸಲು ಬೇಕಾದದ್ದು ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ವಿಲೋಮ ವರ್ಗ ನಿಯಮ. ದೂರ ಅರ್ಧವಾದರೆ ಆಕರ್ಷಣೆ ನಾಲ್ಕು ಪಟ್ಟಾಗುತ್ತದೆ. ಅದು ವರ್ಗವೇ ಏಕೆ, ಘನವೇಕಲ್ಲ ಎಂದು ಕೇಳುವ ವಿದ್ಯಾರ್ಥಿಗಳು ಕಡಿಮೆ. ದೀಪದ ಬೆಳಕು ದೂರ ಹೋದಂತೆ ಗೋಳದ ಮೇಲ್ಮೈಯ ಮೇಲೆ ಹರಡುತ್ತದೆ; ಆ ಮೇಲ್ಮೈ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ದೇಶಕ್ಕೆ ಮೂರು ಆಯಾಮಗಳಿರುವುದರಿಂದಲೇ ಅಲ್ಲಿ ವರ್ಗ ಬಂದದ್ದು. ಇನ್ನೆರಡು ಆಯಾಮಗಳಿದ್ದರೆ, ಅವುಗಳ ಗಾತ್ರಕ್ಕಿಂತ ಕಡಿಮೆ ದೂರದಲ್ಲಿ ಆಕರ್ಷಣೆ ನಾಲ್ಕು ಪಟ್ಟಿನ ಬದಲು ಹದಿನಾರು ಪಟ್ಟಾಗಬೇಕು.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ತಂಡವೊಂದು ಇದನ್ನು ಅಳೆಯಲು ಹೊರಟಿತು. ಸಾಲು ರಂಧ್ರಗಳಿರುವ ಲೋಹದ ಉಂಗುರವನ್ನು ತೆಳ್ಳನೆಯ ಎಳೆಯಿಂದ ತೂಗುಬಿಟ್ಟು, ಅದರ ಕೆಳಗೆ ಅಂಥದೇ ರಂಧ್ರಗಳ ತಟ್ಟೆಯನ್ನು ನಿಧಾನವಾಗಿ ತಿರುಗಿಸಿದರು. ಗುರುತ್ವದ ಸೆಳೆತಕ್ಕೆ ಮೇಲಿನ ಉಂಗುರ ಎಷ್ಟು ತಿರುಚಿಕೊಳ್ಳುತ್ತದೆ ಎಂಬುದೇ ಲೆಕ್ಕ. 1798ರಲ್ಲಿ ಕ್ಯಾವೆಂಡಿಷ್ ಬಳಸಿದ ತಿರುಚು ತ್ರಾಸಿನ ತತ್ವವೇ ಇದು. ಕರ್ನಾಟಕದ ಗೌರಿಬಿದನೂರಿನ ಬಳಿಯೂ 1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ್ ಕೌಸಿಕ್ ಮತ್ತು ಸಂಗಡಿಗರು ನೆಲದಡಿಯ ಪ್ರಯೋಗಾಲಯದಲ್ಲಿ ತಿರುಚು ತ್ರಾಸು ತೂಗಿಸಿ ‘ಐದನೆಯ ಬಲ’ಕ್ಕಾಗಿ ಹುಡುಕಿದ್ದರು. (ಆ ಬಲವೇ ಬೇರೆ, ಐದನೆಯ ಆಯಾಮವೇ ಬೇರೆ.)

ಸಿಯಾಟಲ್ ತಂಡ 2001ರಲ್ಲಿ ಸುಮಾರು 0.2 ಮಿಲಿಮೀಟರ್ ಅಂತರದವರೆಗೆ ಅಳೆಯಿತು, 2007ರಲ್ಲಿ 0.055, 2020ರಲ್ಲಿ 0.052 ಮಿಲಿಮೀಟರ್. ಇದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅಷ್ಟು ಸಮೀಪದಲ್ಲೂ ನ್ಯೂಟನ್ನರ ನಿಯಮ ಕದಲಲಿಲ್ಲ. ಗುಪ್ತ ಆಯಾಮ ಇದ್ದರೂ ಅದರ ತ್ರಿಜ್ಯ 0.03 ಮಿಲಿಮೀಟರಿಗಿಂತ ಕಡಿಮೆ ಎಂದಾಯಿತು. ಮೇಜಿನ ಮೇಲಿಡಬಹುದಾದ ಉಪಕರಣವೊಂದು ವಿಶ್ವದ ಆಕಾರದ ಬಗ್ಗೆ ಇಷ್ಟು ಹೇಳಿದ್ದು ಸಣ್ಣ ಸಾಧನೆಯಲ್ಲ.

2017ರಲ್ಲಿ ಆಕಾಶದಿಂದಲೂ ಸಾಕ್ಷ್ಯ ಬಂತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಹೊರಟ ಗುರುತ್ವ ಅಲೆಗಳೂ ಬೆಳಕೂ ಭೂಮಿಯನ್ನು ತಲಪಿದವು. ದಾರಿಯಲ್ಲಿ ಗುರುತ್ವ ದೊಡ್ಡ ಆಯಾಮಗಳಿಗೆ ಸೋರಿದ್ದರೆ ಅಲೆಗಳು ನಿರೀಕ್ಷೆಗಿಂತ ಕ್ಷೀಣವಾಗಿರಬೇಕಿತ್ತು. ಹಾಗೇನೂ ಕಂಡುಬರಲಿಲ್ಲ.

ಇನ್ನೂ ಚಿಕ್ಕ ಸುರುಳಿಗಳಿಗೆ ಈ ಯಾವ ನಿಷೇಧವೂ ತಟ್ಟುವುದಿಲ್ಲ. ಅವುಗಳನ್ನು ಹುಡುಕಲು ತಟ್ಟೆಗಳನ್ನು ಮತ್ತಷ್ಟು ಹತ್ತಿರ ತರಬೇಕು. ತಂದಷ್ಟೂ ಮೇಲ್ಮೈಯ ಮೇಲೆ ಉಳಿದ ಅತ್ಯಲ್ಪ ವಿದ್ಯುದಾವೇಶದ ಸೆಳೆತವೇ ಗುರುತ್ವವನ್ನು ಮುಚ್ಚಿಹಾಕುತ್ತದೆ. ಎರಡು ತಟ್ಟೆಗಳ ನಡುವೆ ತೆಳುವಾದ ಲೋಹದ ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಿ ಅದನ್ನು ತಡೆಯುತ್ತಾರೆ. ಒಂದು ಕಣ ಧೂಳು ಒಳಗೆ ಸೇರಿದರೂ ಅಳತೆ ಕೆಟ್ಟಂತೆಯೇ.