ಇಷಿರೊ ಹೊಂಡ ಮತ್ತು ಆತನ ಘೋರಮೃಗ

ಊಟ ಒಲ್ಲದ ಮಗುವನ್ನು ಹೆದರಿಸಲು ನಮ್ಮ ಮನೆಗಳಲ್ಲಿ ಗುಮ್ಮನನ್ನು ಕರೆಯುವ ವಾಡಿಕೆಯುಂಟು. ಗುಮ್ಮನಿಗೆ ರೂಪವಿಲ್ಲ, ಮಗುವಿನ ಅಂಜಿಕೆ ಎಷ್ಟು ದೊಡ್ಡದೋ ಗುಮ್ಮನೂ ಅಷ್ಟೇ ದೊಡ್ಡವನು. ಇಡಿಯ ದೇಶವೊಂದು ಅಂಜಿದಾಗ ಅದರ ಗುಮ್ಮ ಹೇಗಿದ್ದೀತು? ಈ ಪ್ರಶ್ನೆಗೆ ಜಪಾನಿನ ಚಲಚ್ಚಿತ್ರ ನಿರ್ದೇಶಕ ಇಷಿರೊ ಹೊಂಡ 1954ರಲ್ಲಿ ಉತ್ತರ ಕೊಟ್ಟನು. ಆತನ ಚಿತ್ರದ ಹೆಸರು ‘ಗೊಜಿರ’. ‘ಗೊರಿಲ್ಲ’ ಎಂಬ ಪದಕ್ಕೆ ತಿಮಿಂಗಿಲವೆಂಬ ಅರ್ಥದ ‘ಕುಜಿರ’ ಎಂಬ ಜಪಾನೀ ಪದವನ್ನು ಬೆಸೆದು ಮಾಡಿದ ಹೆಸರದು. ಲೋಕವೆಲ್ಲ ಅದನ್ನು ‘ಗಾಡ್ಜಿಲ್ಲ’ ಎಂದು ಕರೆಯಿತು. ರಬ್ಬರಿನ ವೇಷ, ರಟ್ಟಿನ ಊರು ಎಂದು ನಕ್ಕವರು ಬಹಳ ಮಂದಿ. ಆದರೂ ಎಪ್ಪತ್ತು ವರ್ಷಗಳಾಚೆಗೂ ಅದು ಬಾಳಿದೆ. ಏಕೆಂಬುದನ್ನು ತಿಳಿಯಬೇಕಾದರೆ ಆ ನಿರ್ದೇಶಕನ ಬಾಳನ್ನು ತಿಳಿಯಬೇಕು.

ಹೊಂಡ ಹುಟ್ಟಿದ್ದು 1911ರಲ್ಲಿ, ಯಮಗಾತ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಬೌದ್ಧ ದೇವಾಲಯದ ಅರ್ಚಕ. ಬಾಲ್ಯದಲ್ಲಿಯೇ ಸಂಸಾರ ತೋಕಿಯೊ ನಗರಕ್ಕೆ ಬಂದಿತು. ವಿಶ್ವವಿದ್ಯಾಲಯದಲ್ಲಿ ಚಲಚ್ಚಿತ್ರಕಲೆಯನ್ನೇ ಓದಿ, 1933ರಲ್ಲಿ ಹೊಂಡ ಚಿತ್ರಸಂಸ್ಥೆಯೊಂದನ್ನು ಸೇರಿದನು. ಮುಂದೆ ಅದೇ ‘ತೊಹೊ’ ಎಂದು ಹೆಸರಾಯಿತು. ಕಾಜಿರೊ ಯಮಾಮೊತೊ ಎಂಬ ನಿರ್ದೇಶಕರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ ಆತನಿಗೆ ದೊರೆತ ಗೆಳೆಯನೇ ಮುಂದೆ ಜಗತ್ಪ್ರಸಿದ್ಧನಾದ ಅಕಿರ ಕುರೊಸಾವ.

ಗೆಳೆಯ ನಿರ್ದೇಶಕನಾಗಿ ಮೇಲೇರುತ್ತಿದ್ದ ಕಾಲದಲ್ಲಿ ಹೊಂಡನ ಪಾಲಿಗೆ ಬಂದದ್ದು ಸಿಪಾಯಿಯ ಬದುಕು. ಮೂರು ಬಾರಿ ಸೈನ್ಯದಿಂದ ಕರೆ ಬಂದಿತು. ಯೌವನದ ಎಷ್ಟೋ ವರ್ಷಗಳು ಚೀನದ ರಣಭೂಮಿಯಲ್ಲಿ ಕಳೆದುಹೋದುವು. ಯುದ್ಧ ಮುಗಿದಾಗ ಆತ ಅಲ್ಲಿ ಸೆರೆಯಾಳು. 1946ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳುವಾಗ ಹಿರೋಷಿಮ ನಗರದ ಮೂಲಕ ಹಾದು ಬಂದನು. ಅಣುಬಾಂಬಿನಿಂದ ಬೂದಿಯಾದ ಆ ನೆಲವನ್ನು ಕಂಡದ್ದು ಆತನ ಮನಸ್ಸಿನಿಂದ ಕೊನೆಯವರೆಗೂ ಅಳಿಯಲಿಲ್ಲ.

ಮರಳಿ ಬಂದವನು ಮತ್ತೆ ಸಹಾಯಕನಾಗಿಯೇ ದುಡಿದನು. ಕುರೊಸಾವನ ‘ಬೀದಿನಾಯಿ’ (1949) ಚಿತ್ರಕ್ಕಾಗಿ ಯುದ್ಧಾನಂತರದ ತೋಕಿಯೊವಿನ ಕಾಳಸಂತೆಗಳಲ್ಲಿ ಅಲೆದು ಅಲ್ಲಿನ ದೃಶ್ಯಗಳನ್ನು ಸೆರೆಹಿಡಿದವನು ಹೊಂಡನೇ. ತಾನೇ ನಿರ್ದೇಶಿಸಿದ ಮೊದಲ ಕೆಲಸಗಳಲ್ಲೊಂದು ಸಾಕ್ಷ್ಯಚಿತ್ರ. ಕಂಡದ್ದನ್ನು ಕಂಡಂತೆ ವರದಿ ಮಾಡುವ ಈ ಅಭ್ಯಾಸವನ್ನು ನೀವು ನೆನಪಿನಲ್ಲಿಡಿ. ಘೋರಮೃಗದ ಕಥೆಗೆ ನಂಬಿಕೆ ತಂದದ್ದು ಇದೇ.

1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿತು. ಅಪಾಯವಲಯವೆಂದು ಸಾರಿದ್ದ ಗೆರೆಯ ಹೊರಗೇ ಇದ್ದ ಜಪಾನಿನ ಮೀನುಗಾರಿಕೆಯ ದೋಣಿಯೊಂದರ ಮೇಲೆ ಬಿಳಿಯ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ದೋಣಿಯ ರೇಡಿಯೋ ಕೆಲಸದವನು ಸೆಪ್ಟೆಂಬರ್ 23ರಂದು ತೀರಿಕೊಂಡನು. ‘ಗೊಜಿರ’ ತೆರೆಕಂಡದ್ದು ನವೆಂಬರ್ 3ರಂದು. ಚಿತ್ರದ ಆರಂಭದಲ್ಲಿಯೇ ಕಡಲಿನಲ್ಲಿ ಕಣ್ಣು ಕೋರೈಸುವ ಬೆಳಕು, ಉರಿಯುವ ಹಡಗು, ಸಹಾಯಕ್ಕಾಗಿ ಸಂದೇಶ ಕಳಿಸುತ್ತಿರುವ ರೇಡಿಯೋ ಕೆಲಸದವನು. ನೋಡುತ್ತ ಕುಳಿತ ಜನಕ್ಕೆ ಬೇರೆ ವ್ಯಾಖ್ಯಾನ ಬೇಕಾಗಿರಲಿಲ್ಲ. ಬಾಂಬಿನ ಪರೀಕ್ಷೆಯಿಂದ ಕಡಲಾಳದಲ್ಲಿ ಎಚ್ಚತ್ತ 50 ಮೀಟರ್ ಎತ್ತರದ ಮೃಗವೇ ಕಥೆಯ ಗೊಜಿರ. ಕಣ್ಣಿಗೆ ಕಾಣದ ವಿಕಿರಣವನ್ನು ಕಾಣುವಂತೆ ಮಾಡಬೇಕೆಂಬುದು ಹೊಂಡನ ಉದ್ದೇಶವಾಗಿತ್ತು.

ಆ ಮೃಗವನ್ನು ಆಡಿಸಿದವನು ಎಯ್ಜಿ ತ್ಸುಬುರಾಯ ಎಂಬ ತಂತ್ರಕುಶಲಿ. ಅಮೆರಿಕದ ‘ಕಿಂಗ್ ಕಾಂಗ್’ (1933) ಚಿತ್ರ ಆತನ ಪಾಲಿಗೆ ಗುರುವಿದ್ದಂತೆ. ಅದರಲ್ಲಿ ಬೊಂಬೆಯನ್ನು ಕೂದಲೆಳೆಯಷ್ಟು ಕದಲಿಸುತ್ತ, ಒಂದೊಂದೇ ಚಿತ್ರ ತೆಗೆದು ಜೋಡಿಸಿದ್ದರು. ಅಷ್ಟು ಕಾಲ ತೊಹೊ ಸಂಸ್ಥೆಗೆ ಇರಲಿಲ್ಲ. ಆದುದರಿಂದ ಸುಮಾರು 100 ಕಿಲೋ ತೂಕದ ವೇಷದೊಳಗೆ ನಟನನ್ನು ನಿಲ್ಲಿಸಿ, ಇಪ್ಪತ್ತೈದರಲ್ಲೊಂದು ಪಾಲಿನ ಅಳತೆಯ ಊರು ಕಟ್ಟಿ ತುಳಿಸಿದರು. ಕ್ಯಾಮರಾವನ್ನು ವೇಗವಾಗಿ ಓಡಿಸಿ ತೆಗೆದ ಚಿತ್ರವನ್ನು ಮಾಮೂಲಿನ ವೇಗದಲ್ಲಿ ತೋರಿಸಿದಾಗ ನಡಿಗೆ ನಿಧಾನವಾಗಿ, ಮೈಯ ಭಾರ ಕಣ್ಣಿಗೆ ತಟ್ಟುತ್ತದೆ.

ಬಾನುಲಿಯನ್ನು ಕೇಳುವ ನಿಮಗೆ ಇನ್ನೊಂದು ಸಂಗತಿ ರುಚಿಸೀತು. ಮೃಗದ ಗರ್ಜನೆ ಯಾವ ಪ್ರಾಣಿಯದೂ ಅಲ್ಲ. ಸಂಗೀತಕಾರ ಅಕಿರ ಇಫುಕುಬೆ ದೊಡ್ಡ ಪಿಟೀಲಿನ ಜಾತಿಯ ಡಬಲ್ ಬೇಸ್ ವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿಸಿ, ಆ ದನಿಯನ್ನು ಮುದ್ರಿಸಿಕೊಂಡು ವೇಗ ತಗ್ಗಿಸಿದನು. ಚಿತ್ರದಲ್ಲಿ ಮೃಗ ಕಾಣುವ ಮೊದಲೇ, ಹೆಸರುಗಳು ಮೂಡುವಾಗಲೇ ಹೆಜ್ಜೆಯ ಸಪ್ಪಳವೂ ಗರ್ಜನೆಯೂ ಕೇಳಿಬರುತ್ತವೆ. ಭಯಾನಕ ರಸದ ಕಾರಣಗಳನ್ನು ಎಣಿಸುವಾಗ ಭರತಮುನಿ ವಿಕೃತವಾದ ದನಿಯನ್ನೂ ಹೇಳಿದ್ದಾನೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಬರಿಯ ಭಯ ಬೆದರುಬೊಂಬೆಯ ಕೆಲಸ. ಎರಡನೆಯ ಸಲ ಕಾಗೆಯೂ ಹೆದರದು. ಹೊಂಡನ ಚಿತ್ರದಲ್ಲಿ ಭಯಾನಕದ ಬೆನ್ನಿಗೇ ಕರುಣವಿದೆ. ಉರಿಯುವ ಊರಿನ ನಡುವೆ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿಕೊಂಡು, ಇನ್ನೇನು ತಂದೆಯ ಬಳಿಗೆ ಹೋಗುತ್ತೇವೆ ಎಂದು ಸಂತೈಸುತ್ತಾಳೆ. ಪ್ರಸಾರಗೋಪುರದ ಮೇಲಿನ ವರದಿಗಾರರು ಗೋಪುರ ಉರುಳುವವರೆಗೂ ಸುದ್ದಿ ಹೇಳಿ, ಕೇಳುಗರಿಗೆ ವಿದಾಯ ಕೋರುತ್ತಾರೆ. ಮೃಗವನ್ನು ಕೊಲ್ಲಬಲ್ಲ ಅಸ್ತ್ರ ಸೆರಿಜಾವ ಎಂಬ ವಿಜ್ಞಾನಿಯೊಬ್ಬನಲ್ಲಿ ಮಾತ್ರ ಉಂಟು. ಅದು ಆಳುವವರ ಕೈಗೆ ಬಿದ್ದರೆ ಇನ್ನೊಂದು ಬಾಂಬೇ ಆದೀತೆಂದು ಅವನಿಗೆ ಅಂಜಿಕೆ. ಕೊನೆಗೆ ಬರೆದಿಟ್ಟ ಕಾಗದಗಳನ್ನು ಸುಟ್ಟು, ಅಸ್ತ್ರವನ್ನು ಒಮ್ಮೆ ಬಳಸಿ, ಮೃಗದೊಡನೆ ತಾನೂ ಕಡಲಿನಲ್ಲಿ ಪ್ರಾಣ ಬಿಡುತ್ತಾನೆ.

ಜಪಾನಿನಲ್ಲಿ ಸುಮಾರು 96 ಲಕ್ಷ ಜನ ಚಿತ್ರವನ್ನು ನೋಡಿದರು. 1956ರಲ್ಲಿ ಅಮೆರಿಕದವರು ತಮ್ಮ ನಟನೊಬ್ಬನನ್ನು ಸೇರಿಸಿ, ಬಾಂಬಿನ ಮಾತನ್ನು ಬಹುಮಟ್ಟಿಗೆ ಕತ್ತರಿಸಿ ತೋರಿಸಿದರು. ಗುಮ್ಮ ಉಳಿದ, ಗುಮ್ಮನನ್ನು ಹಡೆದ ನೋವು ಹೋಯಿತು. ಹೊಂಡ ಆ ಬಳಿಕ ‘ರೊದಾನ್’ (1956), ‘ಮೊಸುರ’ (1961), ‘ಕಿಂಗ್ ಕಾಂಗ್ ಮತ್ತು ಗೊಜಿರ’ (1962) ಮೊದಲಾದುವನ್ನು ಮಾಡಿದನು. ಕ್ರಮೇಣ ಈ ಜಾತಿಯ ಚಿತ್ರಗಳು ಮಕ್ಕಳ ಕುಸ್ತಿಯಾಟವಾದುವು. 1975ರ ಚಿತ್ರವೇ ಆತ ನಿರ್ದೇಶಿಸಿದ ಕೊನೆಯ ಕಥಾಚಿತ್ರ.

ಅನಂತರ ಹೊಂಡ ಹಳೆಯ ಗೆಳೆಯನ ಬಳಿಗೆ ಹೋದನು. ‘ಕಾಗೆಮುಷ’ದಿಂದ (1980) ಹಿಡಿದು ಕುರೊಸಾವನ ಕೊನೆಯ ಐದು ಚಿತ್ರಗಳಿಗೆ, ಲೋಕಖ್ಯಾತಿ ಪಡೆದ ಬಳಿಕವೂ ಯಾವ ಹಮ್ಮೂ ಇಲ್ಲದೆ ಸಹಾಯಕನಾಗಿ ದುಡಿದನು. ಅವುಗಳಲ್ಲೊಂದಾದ ‘ಕನಸುಗಳು’ (1990) ಚಿತ್ರದಲ್ಲಿ ಯುದ್ಧದಿಂದ ಒಬ್ಬನೇ ಬದುಕಿ ಬಂದ ಅಧಿಕಾರಿಗೆ ಸತ್ತ ಸಿಪಾಯಿಗಳು ಎದುರಾಗುವ ಪ್ರಸಂಗವುಂಟು. ಮರುವರ್ಷದ ಚಿತ್ರ ನಾಗಸಾಕಿಯ ಕಥೆ. 1993ರ ಫೆಬ್ರವರಿಯಲ್ಲಿ ಹೊಂಡ ತೀರಿಕೊಂಡನು.

ಅವಕಾಶವಾದಾಗ 1954ರ ಮೂಲ ಜಪಾನೀ ಚಿತ್ರವನ್ನೇ ನೋಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಮೃಗ ಕಡಲಿನಿಂದ ಎದ್ದದ್ದೇಕೆ ಎಂದು ಅವರು ಖಂಡಿತ ಕೇಳುತ್ತಾರೆ. ಆಗ ಹಿರೋಷಿಮವನ್ನೂ, ಆ ಮೀನುಗಾರರ ದೋಣಿಯನ್ನೂ ಅವರಿಗೆ ಹೇಳಿ.