ಮನೆಯೊಳಗೊಂದು ಕಡಲ ತೋಟ

ಕರಾವಳಿಯಲ್ಲಿ ಹುಟ್ಟಿ ಬೆಳೆದವರು ಸಹ ಕಡಲನ್ನು ನೋಡಿರುವುದು ಬಹುಮಟ್ಟಿಗೆ ಮೇಲಿನಿಂದಲೇ. ಅಲೆ, ನೊರೆ, ದೋಣಿ, ಬಲೆ, ಸಂಜೆಯ ಸೂರ್ಯ, ಇಷ್ಟನ್ನು ನಾವೆಲ್ಲರೂ ಬಲ್ಲೆವು. ಆದರೆ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ಗುಂಡಿಗಳಲ್ಲಿ ನಿಂತ ನೀರನ್ನು ಬಗ್ಗಿ ನೋಡಿದವರು ಅಲ್ಪರು. ಅಲ್ಲಿ ಹಸುರು, ಕಂದು, ಕೆಂಪು ವರ್ಣದ ಪಾಚಿಗಳು ಗಾಳಿಗೆ ತೂಗುವ ಪೈರಿನಂತೆ ತೂಗುತ್ತಿರುತ್ತವೆ. ಅವುಗಳ ನೆರಳಿನಲ್ಲಿ ಬೆರಳುದ್ದದ ಮೀನುಗಳೂ ಶಂಖದ ಹುಳುಗಳೂ ಸಂಸಾರ ಹೂಡಿರುತ್ತವೆ. ಅಂತಹ ತೋಟವೊಂದನ್ನು ಗಾಜಿನ ತೊಟ್ಟಿಯಲ್ಲಿ ಬೆಳೆಸಿ ಮನೆಯೊಳಗೆ ಇಟ್ಟುಕೊಳ್ಳುವ ಬಗೆಯನ್ನು ಕುರಿತು, ಈ ಸಂಚಿಕೆಯ ವಾಚಕರಿಗೂ ವಿಶೇಷವಾಗಿ ನಮ್ಮ ವಿದ್ಯಾರ್ಥಿನಿಯರಿಗೂ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ನಾವು ಪ್ರಥಮ ಬಾರಿ ಇಂತಹ ತೊಟ್ಟಿಯನ್ನು ಅಣಿಮಾಡಿದಾಗ, ಬೆಳಿಗ್ಗೆ ಉಪ್ಪುನೀರನ್ನು ತುಂಬಿಸಿ ಮರುದಿನ ಸಂಜೆಗೆ ಮೂರು ಮೀನುಗಳನ್ನು ಬಿಟ್ಟೆವು. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಮೀನುಗಳು ಎರಡು ದಿವಸ ಉಲ್ಲಾಸದಿಂದ ಈಜಾಡಿದುವು. ಮೂರನೆಯ ದಿವಸ ಮೇಲ್ಮೈಗೆ ಬಂದು ಬಾಯಿಬಿಡತೊಡಗಿದುವು. ಐದನೆಯ ದಿವಸ ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. “ನೀರು ಇಷ್ಟು ತಿಳಿಯಾಗಿರುವಾಗ ಅವು ಸತ್ತದ್ದೇಕೆ?” ಎಂದು ಮನೆಯ ಚಿಕ್ಕ ಹುಡುಗಿ ಕೇಳಿದಳು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆಕೆಗೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿದರೂ ಸರಿಯೇ.

ಆದಿಕಾಂಡವನ್ನು ಓದಿದವರಿಗೆ ಸೃಷ್ಟಿಯ ಕ್ರಮವು ತಿಳಿದೇ ಇದೆ. ಸಸ್ಯಗಳು ಮೂರನೆಯ ದಿನದವು. ಆಕಾಶದ ಜ್ಯೋತಿಗಳು ನಾಲ್ಕನೆಯ ದಿನದವು. ಜಲಚರಗಳ ಸರದಿ ಬಂದದ್ದು ಐದನೆಯ ದಿನ. ನಾವು ಮೂರನೆಯದನ್ನೂ ನಾಲ್ಕನೆಯದನ್ನೂ ಬಿಟ್ಟು ಐದನೆಯದಕ್ಕೆ ಹಾರಿದ್ದೆವು. ಮೊದಲು ಸಸ್ಯ, ಬಳಿಕ ಬೆಳಕು, ಕಟ್ಟಕಡೆಗೆ ಮೀನು ಎಂಬುದೇ ಈ ವಿದ್ಯೆಯ ಸಾರ. ಉಳಿದುದೆಲ್ಲ ಅದರ ವಿವರಣೆ.

ಈ ಕ್ರಮವನ್ನು ಕಂಡುಕೊಂಡವರಲ್ಲಿ ಒಬ್ಬ ಮಹಿಳೆಯೂ ಇದ್ದಳೆಂಬುದು ನಮ್ಮ ಶಾಲೆಯ ಬಾಲಿಕೆಯರಿಗೆ ಸಂತೋಷದ ಸಂಗತಿ. ಲಂಡನ್ ನಗರದ ವೆಸ್ಟ್ ಮಿನ್ಸ್ಟರ್ ಮಹಾದೇವಾಲಯದ ಬೋಧಕರೊಬ್ಬರ ಪತ್ನಿಯಾದ ಆನಾ ಥಿನ್ ಎಂಬಾಕೆ ೧೮೪೬ರಲ್ಲಿ ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಜಾಡಿಯಲ್ಲಿಟ್ಟು ಮನೆಗೆ ತಂದಳು. ಲಂಡನ್ನಿನಲ್ಲಿ ಕಡಲಿಲ್ಲ, ನೀರನ್ನು ದಿನದಿನವೂ ಬದಲಾಯಿಸುವುದು ಅಸಾಧ್ಯ. ಆದಕಾರಣ ಮನೆಯ ಸೇವಕಿಯೊಬ್ಬಳು ತೆರೆದ ಕಿಟಕಿಯ ಬಳಿ ನಿಂತು, ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆಯ ಪರ್ಯಂತ ಹೊಯ್ಯುತ್ತಿದ್ದಳು. ಹೀಗೆ ಗಾಳಿಯು ನೀರಿನೊಳಗೆ ಬೆರೆತು ಹವಳಗಳು ಉಸಿರಾಡಿದುವು. ಮುಂದೆ ೧೮೪೭ರಲ್ಲಿ ಆನಾ ಥಿನ್ ಅದೇ ನೀರಿನಲ್ಲಿ ಕಡಲಪಾಚಿಗಳನ್ನೂ ಇರಿಸಿದಳು. ಸೇವಕಿಯ ತೋಳುಗಳು ಮಾಡುತ್ತಿದ್ದ ಕೆಲಸವನ್ನು ಪಾಚಿಯು ಬಿಸಿಲಿನ ಬಲದಿಂದ ಮೌನವಾಗಿ ಮಾಡತೊಡಗಿತು.

ಇದಾದ ಮೇಲೆ ೧೮೫೦ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಚಿನ್ನದ ಮೀನು, ನೀರುಗಿಡ, ಬಸವನಹುಳು, ಈ ಮೂರನ್ನು ಸಿಹಿನೀರಿನಲ್ಲಿ ಒಟ್ಟಿಗಿಟ್ಟು, ಅವು ಒಂದನ್ನೊಂದು ಪೋಷಿಸುವ ರೀತಿಯನ್ನು ಲಂಡನ್ನಿನ ರಸಾಯನ ಸಂಘದ ಮುಂದೆ ವಿವರಿಸಿದನು. ೧೮೫೩ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ದೈವಭಕ್ತ ಪ್ರಕೃತಿಶಾಸ್ತ್ರಜ್ಞನ ಗ್ರಂಥವು ಪ್ರಕಟವಾಗಿ ‘ಅಕ್ವೇರಿಯಂ’ ಎಂಬ ಶಬ್ದವು ಮನೆಮಾತಾಯಿತು.

ಇನ್ನು ಕಾರ್ಯಕ್ರಮಕ್ಕೆ ಬರೋಣ. ತೊಟ್ಟಿಯು ತೀರ ಚಿಕ್ಕದಾಗಿರಬಾರದು. ಸಣ್ಣ ಪಾತ್ರೆಯ ನೀರು ಬೇಗನೆ ಕಾಯುತ್ತದೆ, ಬೇಗನೆ ಕೆಡುತ್ತದೆ. ದೊಡ್ಡ ಪಾತ್ರೆಯು ನಮ್ಮ ತಪ್ಪುಗಳನ್ನು ಸ್ವಲ್ಪಮಟ್ಟಿಗೆ ಸಹಿಸುತ್ತದೆ. ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರವಿರುವ ತೊಟ್ಟಿಯಲ್ಲಿ ಸುಮಾರು ೧೦೦ ಲೀಟರ್ ನೀರು ಹಿಡಿಸುವುದು. ನೀರಿನ ಭಾರವೇ ೧೦೦ ಕಿಲೋಗ್ರಾಮಿಗೆ ಮಿಗಿಲಾದುದರಿಂದ, ಮರಳು, ಕಲ್ಲು, ಗಾಜು ಇವುಗಳ ಭಾರವನ್ನೂ ಸೇರಿಸಿ ತಾಳಬಲ್ಲ ಗಟ್ಟಿಯಾದ ಮೇಜು ಅವಶ್ಯ. ಕಿಟಕಿಯ ನೇರ ಬಿಸಿಲು ಬೀಳುವ ಸ್ಥಳವು ತಕ್ಕುದಲ್ಲ. ನಮ್ಮ ಬೇಸಗೆಯಲ್ಲಿ ಅದು ನೀರನ್ನು ಮಿತಿಮೀರಿ ಕಾಯಿಸುವುದು. ನೀರಿನ ಉಷ್ಣತೆಯು ೨೫ರಿಂದ ೨೮ ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ಉತ್ತಮ.

ನೀರಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಅಡಿಗೆಯ ಉಪ್ಪನ್ನು ನೀರಿಗೆ ಬೆರೆಸಿದರೆ ಸಮುದ್ರವಾಗದು. ಕಡಲ ನೀರಿನಲ್ಲಿ ಸಾಧಾರಣ ಉಪ್ಪಿನ ಜೊತೆಗೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳ ಲವಣಗಳೂ ಇವೆ. ಇವೆಲ್ಲವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಕಡಲುಪ್ಪಿನ ಮಿಶ್ರಣವು ಅಂಗಡಿಗಳಲ್ಲಿ ದೊರೆಯುತ್ತದೆ. ಒಂದು ಲೀಟರಿಗೆ ಸುಮಾರು ೩೫ ಗ್ರಾಮಿನಂತೆ ೧೦೦ ಲೀಟರಿಗೆ ಮೂರೂವರೆ ಕಿಲೋಗ್ರಾಂ ಬೇಕಾಗುವುದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಶುದ್ಧೀಕರಿಸಿದ ನೀರೇ ಲೇಸು. ಕಡಲಿನಿಂದಲೇ ನೀರು ತರುವವರು ನದಿಯ ಮುಖದಿಂದಲೂ ಮಳೆಗಾಲದಲ್ಲಿಯೂ ತರಲಾಗದು. ಆಗ ಹೊಳೆಯ ನೀರು ಸೇರಿ ಉಪ್ಪು ಕಡಿಮೆಯಾಗಿರುತ್ತದೆ. ಲವಣಮಾಪಕವನ್ನು ತೇಲಿಬಿಟ್ಟು, ಸಾಪೇಕ್ಷ ಸಾಂದ್ರತೆಯು ೧.೦೨೫ರ ಆಸುಪಾಸಿನಲ್ಲಿರುವುದನ್ನು ನೋಡಿಕೊಳ್ಳತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯಿದೆ. ದಿನಗಳೆದಂತೆ ತೊಟ್ಟಿಯ ನೀರು ಆರಿ ತಗ್ಗುವುದು. ಆಗ ಉಪ್ಪುನೀರನ್ನು ಸುರಿದು ತುಂಬಿಸುವುದು ದೊಡ್ಡ ತಪ್ಪು. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ: ಬಿಸಿಲು ನೀರನ್ನು ಮಾತ್ರ ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಆದುದರಿಂದ ಆರಿದ ನೀರಿನ ಬದಲು ಶುದ್ಧವಾದ ಸಿಹಿನೀರನ್ನೇ ಪ್ರತಿದಿನ ಸ್ವಲ್ಪಸ್ವಲ್ಪವಾಗಿ ಹಾಕಬೇಕು.

ತಳಕ್ಕೆ ಎರಡು ಅಂಗುಲದಷ್ಟು ತೊಳೆದ ಸುಣ್ಣಮರಳನ್ನು ಹಾಸಿ, ರಂಧ್ರಗಳುಳ್ಳ ಕೆಲವು ಕಲ್ಲುಗಳನ್ನು ಅಲ್ಲಾಡದಂತೆ ಇರಿಸಿ, ನೀರನ್ನು ಸದಾ ಸುತ್ತಾಡಿಸುವ ಚಿಕ್ಕ ಪಂಪನ್ನು ಜೋಡಿಸಿದರೆ ತೋಟದ ಭೂಮಿಯು ಸಿದ್ಧವಾದಂತಾಯಿತು.

ಈಗ ಮೂರನೆಯ ದಿನದ ಕೆಲಸ. ಕಡಲಲ್ಲಿ ಬೆಳೆಯುವ ಹಸುರೆಲ್ಲ ಒಂದೇ ಜಾತಿಯದಲ್ಲ. ಕಡಲಹುಲ್ಲು ನಿಜವಾದ ಗಿಡ. ಅದಕ್ಕೆ ಬೇರುಂಟು, ಹೂವುಂಟು. ಅದು ಮರಳಿನಿಂದಲೂ ಆಹಾರವನ್ನು ಹೀರುತ್ತದೆ. ಇದಕ್ಕೆ ನಾಲ್ಕೈದು ಅಂಗುಲ ಆಳದ ಮರಳೂ ಬಹಳ ತಾಳ್ಮೆಯೂ ಬೇಕಾದುದರಿಂದ ಹೊಸಬರು ಇದನ್ನು ಮುಂದಕ್ಕೆ ಇಟ್ಟುಕೊಳ್ಳಲಿ. ಕಡಲಪಾಚಿಗೆ ಬೇರೇ ಇಲ್ಲ. ಅದು ಕಲ್ಲನ್ನು ಹಿಡಿದುಕೊಂಡು, ಮೈಯೆಲ್ಲದರಿಂದಲೂ ನೀರಿನ ಸಾರವನ್ನು ಹೀರಿ ಬದುಕುತ್ತದೆ. ತಂತಿಯ ಸಿಂಬಿಯಂತೆ ಬೆಳೆಯುವ ಕೀಟೊಮಾರ್ಫವೂ, ಗರಿಯಂತೆಯೋ ದ್ರಾಕ್ಷಿಯ ಗೊಂಚಲಿನಂತೆಯೋ ಕಾಣುವ ಕಾಲೆರ್ಪವೂ ಪ್ರಾರಂಭಕ್ಕೆ ಯೋಗ್ಯವಾದವು. ಕಾಲೆರ್ಪದಲ್ಲಿ ಒಂದು ವಿಸ್ಮಯವಿದೆ: ಅದು ಮೊಳದುದ್ದ ಹಬ್ಬಿದರೂ ಒಳಗೆ ಗೋಡೆಗಳಿಂದ ವಿಭಾಗವಾಗದ ಒಂದೇ ಜೀವಕೋಶ!

ನಾಲ್ಕನೆಯ ದಿನದ ಕೆಲಸವು ಬೆಳಕು. ಎಲ್‌ಇಡಿ ದೀಪವೊಂದನ್ನು ದಿನಕ್ಕೆ ಸುಮಾರು ಹತ್ತು ಗಂಟೆ ಉರಿಸಿದರೆ ಸಾಕು. ಬೆಳಕಿರುವಾಗ ಪಾಚಿಯು ಪ್ರಾಣವಾಯುವನ್ನು ಬಿಡುತ್ತದೆ. ಕತ್ತಲಾದ ಮೇಲೆ ತಾನೂ ಮೀನಿನಂತೆ ಅದನ್ನೇ ಉಸಿರಾಡುತ್ತದೆ. ಆದಕಾರಣ ರಾತ್ರಿಯಲ್ಲಿ ಪಂಪನ್ನು ನಿಲ್ಲಿಸಲೇಬಾರದು.

ಬಳಿಕ ಕಾಯಬೇಕು. ನಮ್ಮ ಮೂರು ಮೀನುಗಳು ಸತ್ತ ಕಾರಣವು ಇಲ್ಲಿಯೇ ಇದೆ. ಮೀನು ಉಸಿರಾಡುವಾಗಲೂ, ಉಳಿದ ಆಹಾರವು ಕೊಳೆಯುವಾಗಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಕಣ್ಣಿಗೆ ಕಾಣದ ವಿಷ. ಸ್ಫಟಿಕದಂತಹ ನೀರಿನಲ್ಲಿಯೂ ಇರಬಹುದು. ಪ್ರಕೃತಿಯಲ್ಲಿ ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ರಷ್ಯದ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿಯು ೧೮೯೦ರ ಸುಮಾರಿಗೆ ಇವುಗಳನ್ನು ಬೇರ್ಪಡಿಸಿ ತೋರಿಸಿದನು. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ಕಲ್ಲುಮರಳುಗಳಲ್ಲಿ ನೆಲೆಸಿ ಹೆಚ್ಚುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅವುಗಳಿಗಾಗಿ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಬರಿದಾದ ತೊಟ್ಟಿಗೇ ಹಾಕುತ್ತಿರಬೇಕು. ಪರೀಕ್ಷಾದ್ರವದಿಂದ ವಾರವಾರವೂ ನೋಡಿ, ಅಮೋನಿಯಾವೂ ನೈಟ್ರೈಟೂ ಸೊನ್ನೆಯಾಗಿ ನಿಂತ ಮೇಲೆಯೇ ಮೀನುಗಳನ್ನು ಬಿಡತಕ್ಕದ್ದು. ಉಳಿದ ನೈಟ್ರೇಟನ್ನು ಪಾಚಿಯು ಗೊಬ್ಬರವಾಗಿ ಉಣ್ಣುತ್ತದೆ. ಒಂದರ ಕಸವೇ ಇನ್ನೊಂದರ ಊಟ.

ಐದನೆಯ ದಿನವು ಹೀಗೆ ವಾರಗಳ ಬಳಿಕ ಬರುತ್ತದೆ. ೧೦೦ ಲೀಟರಿಗೆ ಎರಡು ಚಿಕ್ಕ ಕ್ಲೌನ್ ಮೀನುಗಳೂ ನಾಲ್ಕಾರು ಶಂಖದ ಹುಳುಗಳೂ ಸಾಕು. ಸಾಕಣೆಯಲ್ಲಿಯೇ ಹುಟ್ಟಿದ ಮೀನುಗಳನ್ನು ಕೇಳಿ ಕೊಳ್ಳಿರಿ. ಹಸುರನ್ನು ಮೇಯುವ ಮೀನುಗಳನ್ನು ತಂದರೆ ತೋಟವು ಉಳಿಯದು. ಆಹಾರವನ್ನು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಿರಿ. ಪ್ರೀತಿಯಿಂದ ಹೆಚ್ಚು ಹಾಕುವುದು ಪ್ರೀತಿಯಲ್ಲ. ಎರಡು ವಾರಗಳಿಗೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನು ತೆಗೆದು ಹೊಸ ಉಪ್ಪುನೀರನ್ನು ಸೇರಿಸಿರಿ. ಪಾಚಿಯನ್ನು ಆಗಾಗ ಹಿಡಿಹಿಡಿಯಾಗಿ ತೆಗೆಯಿರಿ. ತೆಗೆದ ಪ್ರತಿ ಹಿಡಿಯೊಂದಿಗೆ ನೀರಿನ ಕಲ್ಮಷವೂ ಹೊರಬೀಳುತ್ತದೆ. ಕಾಲೆರ್ಪವನ್ನು ಲಕ್ಷ್ಯವಿಲ್ಲದೆ ಬಿಟ್ಟರೆ, ಅದು ಒಂದೇ ರಾತ್ರಿಯಲ್ಲಿ ತನ್ನ ಒಳಗಿನದನ್ನೆಲ್ಲ ನೀರಿಗೆ ಚೆಲ್ಲಿ ಬಿಳಿಯ ಸಿಪ್ಪೆಯಾಗಿ ಉಳಿಯುವುದುಂಟು. ಹಾಗಾದಾಗ ಕೂಡಲೆ ಅರ್ಧ ನೀರನ್ನು ಬದಲಾಯಿಸಬೇಕು.

ತೆಗೆದ ಪಾಚಿಯನ್ನು ಚರಂಡಿಗಾಗಲಿ ಕಡಲಿಗಾಗಲಿ ಎಸೆಯಲೇಬಾರದು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮಣ್ಣಿನಲ್ಲಿ ಹೂಳಿರಿ. ೧೯೮೪ರಲ್ಲಿ ಮೊನಾಕೋ ನಗರದ ತೀರದಲ್ಲಿ ಅನ್ಯದೇಶದ ಒಂದು ಕಾಲೆರ್ಪವು ಕಾಣಿಸಿಕೊಂಡಿತು. ಅಕ್ವೇರಿಯಂ ತೊಟ್ಟಿಗಳಿಂದ ತಪ್ಪಿಹೋದ ಆ ಸಣ್ಣ ತೇಪೆಯು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ದೂರದೂರ ಹಬ್ಬಿ, ಅಲ್ಲಿಯ ಕಡಲಹುಲ್ಲಿಗೆ ಕಂಟಕವಾಯಿತು. ಅದೇ ಜಾತಿಯು ೨೦೦೦ದಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಂಡಾಗ ಅದನ್ನು ಪೂರ್ತಿ ನಿರ್ಮೂಲ ಮಾಡಿದೆವೆಂದು ಹೇಳಲು ೨೦೦೬ರವರೆಗೆ ದುಡಿಯಬೇಕಾಯಿತು.

ಕಡಲಿನಿಂದ ತರುವುದರಲ್ಲಿಯೂ ಮಿತಿಯಿರಲಿ. ಗಾಸ್ ಮಹಾಶಯನ ಗ್ರಂಥವನ್ನು ಓದಿದ ಜನರು ಇಂಗ್ಲೆಂಡಿನ ತೀರಕ್ಕೆ ಮುಗಿಬಿದ್ದು, ಬಂಡೆಗುಂಡಿಗಳನ್ನು ಬರಿದುಮಾಡಿದರು. ಅವನ ಮಗನಾದ ಎಡ್ಮಂಡ್ ಗಾಸ್ ೧೯೦೭ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥೆಯಲ್ಲಿ ಇದನ್ನು ವ್ಯಥೆಯಿಂದ ನೆನೆದಿದ್ದಾನೆ. ಕಡಲನ್ನು ಪ್ರೀತಿಸಲು ಕಲಿಸಿದವನ ಮಾತೇ ಕಡಲಿಗೆ ಹಾನಿಯಾಯಿತು. ನಮ್ಮ ದೇಶದಲ್ಲಿ ಕಲ್ಲುಹವಳ, ಕಡಲಬೀಸಣಿಗೆ, ಕಡಲಕುದುರೆ ಇವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ೨೦೦೧ರಲ್ಲಿ ಸೇರಿದುವು. ಅವುಗಳನ್ನು ಹಿಡಿಯುವುದೂ ಕೊಳ್ಳುವುದೂ ಅಪರಾಧ.

ನಮ್ಮ ಎರಡನೆಯ ಯತ್ನದಲ್ಲಿ ಆ ಚಿಕ್ಕ ಹುಡುಗಿಯೇ ನೀರಿನ ಪರೀಕ್ಷೆಯ ಅಂಕೆಗಳನ್ನು ವಾರವಾರವೂ ತನ್ನ ಕಾಪಿಪುಸ್ತಕದಲ್ಲಿ ಬರೆದಿಟ್ಟಳು. ಮೊದಲಿನ ಪುಟಗಳಲ್ಲಿ ಅಂಕೆಗಳು ಏರಿದುವು, ನಡುವಿನಲ್ಲಿ ನಿಂತುವು, ಮತ್ತೆ ಇಳಿದುವು. ಆರನೆಯ ವಾರ ಎರಡೂ ಸಾಲುಗಳಲ್ಲಿ ಸೊನ್ನೆ ಬಿದ್ದಿತು. “ಇನ್ನು ಮೀನು ತರೋಣವೇ?” ಎಂದು ನಾವು ಕೇಳಿದೆವು. ಆಕೆ ಪಾಚಿಯ ಕಡೆಗೊಮ್ಮೆ ನೋಡಿ, “ಇನ್ನೊಂದು ವಾರ ಕಾಯೋಣ” ಎಂದಳು. ನಾವು ಕಾದೆವು. ದೇವರು ಮನುಷ್ಯನ ವಶಕ್ಕೆ ಒಪ್ಪಿಸಿದ ಜಲಚರಗಳನ್ನು ಆಳುವುದೆಂದರೆ ಮೊದಲು ಅವುಗಳಿಗಾಗಿ ಕಾಯುವುದು ಎಂಬುದನ್ನು ಆ ತೊಟ್ಟಿಯ ಬಳಿಯಲ್ಲಿ ಕಲಿತುಕೊಂಡೆವು.