ವಿಜಯನಗರದಲ್ಲಿ ಪರದೇಶೀಯರ ನಿತ್ಯಜೀವನ: ಒಂದು ಪರಿಶೀಲನೆ

ವಿಜಯನಗರದ ಚರಿತ್ರೆಯನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ನಡೆಯುವ ಪಾಠಪ್ರವಚನಗಳು ಶಾಸನಗಳನ್ನೂ ಸಾಹಿತ್ಯಕೃತಿಗಳನ್ನೂ ಅವಲಂಬಿಸಿರುವಷ್ಟೇ ಪರದೇಶೀಯರ ಬರಹಗಳನ್ನೂ ಅವಲಂಬಿಸಿವೆ. ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್ ಎಂಬಿಬ್ಬರ ಪೋರ್ಚುಗೀಸ್ ಬರಹಗಳನ್ನು ೧೮೯೭ರಲ್ಲಿ ದಾವಿದ್ ಲೋಪೆಸ್ ಎಂಬ ವಿದ್ವಾಂಸರು ಪ್ರಕಟಿಸಿದರು. ೧೯೦೦ರಲ್ಲಿ ರಾಬರ್ಟ್ ಸೂಯೆಲ್ಲರು ಅವುಗಳ ಇಂಗ್ಲಿಷ್ ಅನುವಾದವನ್ನು ತಮ್ಮ ಗ್ರಂಥದಲ್ಲಿ ಸೇರಿಸಿದರು. ಅಂದಿನಿಂದ ಈ ಬರಹಗಳು ಪ್ರಮಾಣಗ್ರಂಥಗಳ ಸ್ಥಾನವನ್ನು ಪಡೆದಿವೆ. ಆದರೆ ಇವುಗಳ ಕರ್ತೃಗಳು ಕೇವಲ ಸಾಕ್ಷಿಗಳಲ್ಲ. ಅವರು ಮನೆಮಠಗಳನ್ನು ಬಿಟ್ಟು ಬಂದು, ತಿಳಿಯದ ಭಾಷೆಯ ನಡುವೆ, ಒಗ್ಗದ ಆಹಾರ ಹವೆಗಳ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಳಿದ ಮನುಷ್ಯರು. ಅವರು ಎಲ್ಲಿ ತಂಗಿದರು, ಏನನ್ನು ಉಂಡರು, ಏನನ್ನು ಉಟ್ಟರು, ಯಾರ ಬಾಯಿಂದ ಮಾತನ್ನು ಕೇಳಿಸಿಕೊಂಡರು ಎಂಬುದನ್ನು ಅರಿಯದೆ ಅವರ ಮಾತಿನ ಬೆಲೆಯನ್ನು ನಿರ್ಣಯಿಸುವುದು ಸಾಧ್ಯವಿಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೧. ಆಶ್ರಯದ ಪರಂಪರೆ

ತುಂಗಭದ್ರೆಯ ಈ ಸೀಮೆಯಲ್ಲಿ ಪರಸ್ಥಳದವರಿಗೆ ಆಶ್ರಯವೀಯುವ ಪದ್ಧತಿ ವಿಜಯನಗರಕ್ಕಿಂತಲೂ ಹಳೆಯದು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು ಸೋತ ಅವನ ಹತ್ತಿರದ ಬಂಧು ಬಹಾಉದ್ದೀನ್ ಗುರ್ಷಾಸ್ಪನು ಕಂಪಿಲಿಯ ಅರಸನ ಮರೆಹೊಕ್ಕನು. ಆ ಅತಿಥಿಯನ್ನು ಒಪ್ಪಿಸಲು ನಿರಾಕರಿಸಿದ ಕಂಪಿಲರಾಯನು ೧೩೨೭ರ ಸುಮಾರಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಈ ವೃತ್ತಾಂತವನ್ನು ಮೊರೊಕ್ಕೊ ದೇಶದ ಇಬ್ನ್ ಬತೂತನು ತನ್ನ ಪ್ರವಾಸಕಥನದಲ್ಲಿ ವಿವರವಾಗಿ ಹೇಳಿದ್ದಾನೆ. ಇಂದಿನ ಕಂಪ್ಲಿಯು ಆ ರಾಜ್ಯದ ಹೆಸರನ್ನು ಉಳಿಸಿಕೊಂಡಿದೆ.

ವಿಜಯನಗರದ ಅರಸರಿಗೆ ಪರದೇಶೀಯರ ಆವಶ್ಯಕತೆ ಇನ್ನೂ ಹೆಚ್ಚಾಗಿದ್ದಿತು. ಯುದ್ಧಕ್ಕೆ ಬೇಕಾದ ಉತ್ತಮ ಕುದುರೆಗಳು ಅರಬ್ಬೀ ಸಮುದ್ರದಾಚೆಯ ಹೊರ್ಮುಜ್ ಏಡನ್ನುಗಳಿಂದ ಬರಬೇಕಾಗಿದ್ದವು. ಸಾಳುವ ನರಸಿಂಹನು ಸಮುದ್ರಮಾರ್ಗದಲ್ಲಿ ಸತ್ತ ಕುದುರೆಗೂ, ಅದರ ಬಾಲವನ್ನು ತಂದು ತೋರಿಸಿದರೆ, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ನೂನಿಜನು ಹೇಳುತ್ತಾನೆ. ವಿಠ್ಠಲ ದೇವಾಲಯದ ಅಧಿಷ್ಠಾನದಲ್ಲಿ ಕುದುರೆಯನ್ನು ಹಿಡಿದು ನಿಂತ ಪರದೇಶೀಯರ ಉಬ್ಬುಶಿಲ್ಪಗಳು ಸಾಲುಸಾಲಾಗಿ ಕಾಣುವುದಕ್ಕೆ ಇದೇ ಹಿನ್ನೆಲೆ. ಕಣ್ಣಾನೂರಿನಲ್ಲಿ ಪೋರ್ಚುಗೀಸರ ಅಧಿಕಾರಿಯಾಗಿದ್ದ ದುವಾರ್ತೆ ಬಾರ್ಬೊಸನು, ಈ ರಾಜ್ಯದಲ್ಲಿ ಕ್ರೈಸ್ತ, ಯಹೂದಿ, ಮುಸಲ್ಮಾನ ಎಂಬ ವಿಚಾರಣೆಯಿಲ್ಲದೆ ಯಾರು ಬೇಕಾದರೂ ಬಂದು ತಮ್ಮ ಮತಾಚಾರದಂತೆ ಬಾಳಬಹುದೆಂದು ಬರೆದಿರುವುದನ್ನು ಇಲ್ಲಿ ಸ್ಮರಿಸಬಹುದು.

೨. ವಸತಿ ಮತ್ತು ಪಡಿ

ಹೆರಾತಿನ ಷಾರುಖನ ರಾಯಭಾರಿಯಾದ ಅಬ್ದುರ್ ರಜಾಕನು ಕಲ್ಲಿಕೋಟೆಯಲ್ಲಿ ಕೆಲವು ತಿಂಗಳು ಬೇಸರದಿಂದ ಕಾಲ ಕಳೆದು, ಇಮ್ಮಡಿ ದೇವರಾಯನ ಆಹ್ವಾನದ ಮೇರೆಗೆ ಮಂಗಳೂರಿನ ಮಾರ್ಗವಾಗಿ ೧೪೪೩ರ ಏಪ್ರಿಲ್ ತಿಂಗಳ ಕೊನೆಯಲ್ಲಿ ವಿಜಯನಗರವನ್ನು ಮುಟ್ಟಿದನು. ಅವನಿಗೆ ಎತ್ತರವಾದ ಒಂದು ಮನೆಯನ್ನು ಬಿಡಾರಕ್ಕೆ ಕೊಡಲಾಯಿತು. ದಿನಂಪ್ರತಿ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಇವುಗಳೂ, ಅವುಗಳೊಡನೆ ಎರಡು ವರಹಗಳೂ ಅವನಿಗೆ ಸಲ್ಲುತ್ತಿದ್ದವು. ಸುಮಾರು ೧೫೨೦ರ ವೇಳೆಗೆ ಕ್ರಿಸ್ತೊವಾವ್ ದ ಫಿಗರೆದೊ ಎಂಬ ಕುದುರೆಯ ವರ್ತಕನ ಸಂಗಡ ಬಂದ ಪಾಯೆಸನ ತಂಡವನ್ನು ಕೃಷ್ಣದೇವರಾಯನು ತಾನು ಹೊಸದಾಗಿ ಕಟ್ಟಿಸಿದ್ದ ನಾಗಲಾಪುರದಲ್ಲಿ, ಎಂದರೆ ಇಂದಿನ ಹೊಸಪೇಟೆಯಲ್ಲಿ, ಒಳ್ಳೆಯ ಮನೆಗಳಲ್ಲಿ ಇಳಿಸಿದನು. ಅವರಿಗೂ ಕುರಿಕೋಳಿಗಳು, ಬೆಣ್ಣೆ ಜೇನುತುಪ್ಪಗಳು ಅರಮನೆಯಿಂದ ಬಂದವು.

ಈ ಎರಡು ಪ್ರಸಂಗಗಳಲ್ಲಿಯೂ ಅತಿಥಿಗೆ ಸಂದದ್ದು ಬೇಯಿಸಿದ ಅಡಿಗೆಯಲ್ಲ, ಪಡಿ ಎಂಬುದನ್ನು ಗಮನಿಸಬೇಕು. ಒಬ್ಬರ ಕೈಯ ಅಡಿಗೆಯನ್ನು ಇನ್ನೊಬ್ಬರು ಉಣ್ಣಲಾಗದ ಸಮಾಜದಲ್ಲಿ ಪಡಿ ಕೊಟ್ಟು ಕಳುಹಿಸುವುದು ಅತಿಥಿಯನ್ನು ದೂರವಿಡುವ ಕ್ರಮವಲ್ಲ. ಅವನ ಆಚಾರವನ್ನು ಅವನಿಗೇ ಬಿಟ್ಟು ಗೌರವಿಸುವ ಕ್ರಮ. ದೇವರಾಯನಿಗೆ ಇದರ ಸೂಕ್ಷ್ಮ ಚೆನ್ನಾಗಿ ತಿಳಿದಿದ್ದಿತು. ನಿಮ್ಮ ಕಡೆಯ ಅರಸರು ರಾಯಭಾರಿಗಳನ್ನು ಪಂಕ್ತಿಗೆ ಕರೆಯುತ್ತಾರೆ, ನಾವು ನೀವು ಕೂಡಿ ಉಣ್ಣುವಂತಿಲ್ಲವಾದ್ದರಿಂದ ಈ ಹಣದ ಚೀಲವನ್ನೇ ನಮ್ಮ ಔತಣವೆಂದು ಭಾವಿಸಬೇಕು ಎಂಬರ್ಥದ ಮಾತನ್ನು ಅವನು ಆಡಿದನೆಂದು ರಜಾಕನು ದಾಖಲಿಸಿದ್ದಾನೆ. ಭಿನ್ನಾಚಾರದ ಇಬ್ಬರು ತಮ್ಮ ತಮ್ಮ ಕಟ್ಟಳೆಗಳನ್ನು ಮುರಿಯದೆಯೇ ಪರಸ್ಪರ ಗೌರವವನ್ನು ಸಲ್ಲಿಸಲು ಕಂಡುಕೊಂಡ ದಾರಿ ಇದು.

ಪಂಕ್ತಿಭೋಜನ ಇಲ್ಲದಿದ್ದೆಡೆಯಲ್ಲಿ ತಾಂಬೂಲವು ಅದರ ಸ್ಥಾನವನ್ನು ತುಂಬಿತು. ವಾರಕ್ಕೆ ಎರಡು ಸಾರಿ ಸಂಜೆಯಲ್ಲಿ ಆಸ್ಥಾನಕ್ಕೆ ಹೋಗುತ್ತಿದ್ದ ರಜಾಕನಿಗೆ ಪ್ರತಿ ಸಲವೂ ವೀಳ್ಯದ ಕಟ್ಟು, ಹಣದ ಚೀಲ, ಕರ್ಪೂರ ದೊರೆಯುತ್ತಿದ್ದವು. ಮೊದಮೊದಲು ಅಪರಿಚಿತವಾಗಿದ್ದ ವೀಳ್ಯದೆಲೆಯನ್ನು ಕುರಿತು ಅವನು ದೀರ್ಘವಾಗಿ ಬರೆದಿದ್ದಾನೆ; ಎಲೆಗೆ ಸುಣ್ಣ ಸವರುವ, ಅಡಕೆಯೊಡನೆ ಅಗಿಯುವ ಕ್ರಮವನ್ನೂ ಅದರ ಗುಣಗಳನ್ನೂ ಬಣ್ಣಿಸಿದ್ದಾನೆ. ಈ ನಗರದ ಜನ ಗುಲಾಬಿ ಹೂವಿಲ್ಲದೆ ಬಾಳಲಾರರು, ಅದು ಅವರಿಗೆ ಅನ್ನದಷ್ಟೇ ಅಗತ್ಯ ಎಂಬ ಅವನ ಮಾತೂ ಬೀದಿಯಲ್ಲಿ ದಿನವೂ ನಡೆದಾಡಿದವನಿಗೆ ಮಾತ್ರ ಹೊಳೆಯುವಂಥದು.

೩. ಉಡುಪು ಮತ್ತು ಹವೆ

ಉಡುಪಿನ ವಿಷಯದಲ್ಲಿ ಪರದೇಶೀಯರೆಲ್ಲರ ನಡತೆ ಒಂದೇ ತೆರನಾಗಿರಲಿಲ್ಲ. ೧೪೨೦ರ ಸುಮಾರಿಗೆ ಇಲ್ಲಿಗೆ ಬಂದ ವೆನಿಸ್ಸಿನ ನಿಕೊಲೊ ಕೊಂಟಿಯು ದಾರಿಯಲ್ಲಿಯೇ ಅರಬ್ಬೀ ಪಾರಸೀ ಭಾಷೆಗಳನ್ನು ಕಲಿತು ಪಾರಸೀಕರ ವೇಷವನ್ನು ಧರಿಸಿದ್ದನು. ಸಂಸಾರಸಮೇತನಾಗಿ ಸಂಚರಿಸುತ್ತಿದ್ದ ಅವನು ಹಿಂದಿರುಗುವಾಗ ಹೆಂಡತಿಮಕ್ಕಳ ಪ್ರಾಣರಕ್ಷಣೆಗಾಗಿ ತನ್ನ ಮತವನ್ನೂ ತೊರೆಯಬೇಕಾಯಿತು. ಸ್ವದೇಶಕ್ಕೆ ಮರಳಿ ಪೋಪರ ಕ್ಷಮೆಯನ್ನು ಬೇಡಿದ ಸಂದರ್ಭದಲ್ಲಿ ಪೊಜ್ಜೊ ಬ್ರಾಚೊಲಿನಿ ಎಂಬ ಪೋಪರ ಕಾರ್ಯದರ್ಶಿಯು ಅವನ ಅನುಭವಗಳನ್ನು ಬರೆದುಕೊಂಡನು. ಹೊಂದಿಕೊಳ್ಳುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಕೊಂಟಿಯ ಬಾಳು ಒಂದು ನಿದರ್ಶನ.

ರಜಾಕನ ಸ್ಥಿತಿ ಬೇರೆ. ರಾಯಭಾರಿಯ ಘನತೆಗೆ ತಕ್ಕಂತೆ ಒಂದರ ಮೇಲೊಂದು ನಿಲುವಂಗಿ ಧರಿಸಿ, ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಅವನು ಆಸ್ಥಾನಕ್ಕೆ ಬಂದನು. ಬೆವರಿನಿಂದ ತೊಯ್ದುಹೋದ ಅತಿಥಿಯನ್ನು ಕಂಡು ಮರುಗಿದ ಅರಸನು ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವನಿಗೆ ಕೊಟ್ಟನು. ಪಾಯೆಸನ ತಂಡದ ನಾಯಕನಿಗಾದರೋ ಕೃಷ್ಣದೇವರಾಯನು ಜರತಾರಿಯ ಕಬಾಯಿಯನ್ನೂ ಟೊಪ್ಪಿಗೆಯನ್ನೂ ಉಡುಗೊರೆಯಾಗಿ ಇತ್ತನು.

ಇಲ್ಲಿ ಒಂದು ವಿಷಯ ವಿಚಾರಾರ್ಹವಾಗಿದೆ. ಕಬಾಯಿ, ಕುಲ್ಲಾಯಿ ಎಂಬ ಹೆಸರುಗಳೇ ಅರಬ್ಬೀ ಪಾರಸೀ ಮೂಲದವು. ತಿರುಮಲೆಯ ದೇವಾಲಯದಲ್ಲಿ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲಿರುವುದು ಕುಲ್ಲಾಯಿ. ಎಂದರೆ, ಪರದೇಶೀಯನು ಮಾತ್ರ ನಗರಕ್ಕೆ ಹೊಂದಿಕೊಳ್ಳಲಿಲ್ಲ. ನಗರವೂ ಪರದೇಶೀಯನಿಗೆ ಹೊಂದಿಕೊಂಡಿತು. ಇಮ್ಮಡಿ ದೇವರಾಯನು ತನ್ನ ಮುಸಲ್ಮಾನ ಭಟರು ನಮಸ್ಕರಿಸಲು ಅನುಕೂಲವಾಗಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸುತ್ತಿದ್ದನೆಂದು ಫೆರಿಷ್ತನು ಹೇಳುತ್ತಾನೆ. ಅತ್ತ ಅದೇ ಅರಸನ ಸೇವಕನಾದ ಅಹಮದ್ ಖಾನನು ೧೪೩೯ರಲ್ಲಿ ಕಟ್ಟಿಸಿದ ಮಸೀದಿಯ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಧರ್ಮಸಾಲೆಯೆಂದು ಕರೆದು ಅರಸನಿಗೆ ಪುಣ್ಯವಾಗಲೆಂದು ಹಾರೈಸುತ್ತದೆ. ಕಟ್ಟಡದ ರೂಪವೂ ಕಂಬಗಳ ಮಂಟಪದ್ದೇ. ನೆಲೆಸಿದ ನಾಡಿನ ನುಡಿಯಲ್ಲಿಯೇ, ನಾಡಿನ ಭಾವನೆಗೆ ಒಪ್ಪುವಂತೆ ತನ್ನ ದೇವಸನ್ನಿಧಿಯನ್ನು ನಿಲ್ಲಿಸಿದ ಬಗೆ ಇದು.

೪. ಬಾಳಿದ ಬಗೆ, ಕಂಡ ನೋಟ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪರದೇಶೀಯನ ಜೀವನಸ್ಥಿತಿಯು ಅವನ ಬರಹವನ್ನು ಹೇಗೆ ರೂಪಿಸಿತು? ನಾಲ್ಕು ನಿದರ್ಶನಗಳನ್ನು ಪರಿಶೀಲಿಸುತ್ತೇವೆ.

ಮೊದಲನೆಯದು ರಜಾಕನದು. ದಂಡನಾಯಕನು ಕಲಬುರ್ಗಿಯ ಕಡೆ ದಂಡೆತ್ತಿ ಹೋದಾಗ ಅವನ ಸ್ಥಾನದಲ್ಲಿ ನಿಂತ ಅಧಿಕಾರಿಯು ರಜಾಕನಿಗೆ ಸಲ್ಲುತ್ತಿದ್ದ ದಿನದ ಪಡಿಯನ್ನು ನಿಲ್ಲಿಸಿದನು. ಇದೇ ಸಮಯದಲ್ಲಿ ಹೊರ್ಮುಜಿನ ವರ್ತಕರು, ಇವನು ರಾಯಭಾರಿಯೇ ಅಲ್ಲ, ಬರಿಯ ವ್ಯಾಪಾರಿ ಎಂದು ಸುದ್ದಿ ಹಬ್ಬಿಸಿದರು. ಆ ಅಧಿಕಾರಿಯ ರೂಪ, ಕುಲ, ಗುಣ ಎಲ್ಲವನ್ನೂ ರಜಾಕನು ಕಟುವಾಗಿ ಹಳಿದಿದ್ದಾನೆ. ಆ ಚಿತ್ರಣವನ್ನು ಅಧಿಕಾರಿಯ ಯೋಗ್ಯತೆಯ ವಿಷಯದಲ್ಲಿ ಸಾಕ್ಷ್ಯವೆಂದು ಸ್ವೀಕರಿಸುವುದಕ್ಕಿಂತ, ಪಡಿ ನಿಂತ ಪರದೇಶೀಯನ ಸಂಕಟದ ಸಾಕ್ಷ್ಯವೆಂದು ಸ್ವೀಕರಿಸುವುದೇ ಯುಕ್ತ.

ಎರಡನೆಯದು ಪಾಯೆಸನದು. ನಗರವು ರೋಮಿನಷ್ಟು ದೊಡ್ಡದೆಂದು ಅವನು ಹೇಳುತ್ತಾನೆ. ಪರಿಚಿತವಾದುದರೊಡನೆ ಹೋಲಿಸಿ ಅಪರಿಚಿತವನ್ನು ಗ್ರಹಿಸುವುದು ಎಲ್ಲ ಪರದೇಶವಾಸಿಗಳ ಸ್ವಭಾವ. ಅವನ ಧಾನ್ಯಗಳ ಪಟ್ಟಿಯಲ್ಲಿ ಇಂಗ್ಲಿಷ್ ಅನುವಾದವು ಮೆಕ್ಕೆಜೋಳವೆಂಬ ಅರ್ಥ ಬರುವಂತೆ ಹೇಳಿರುವುದನ್ನು ನಾವು ಈ ಸೀಮೆಯ ಜೋಳವೆಂದೇ ತಿಳಿಯಬೇಕು. ತನ್ನ ನಾಡಿನ ಪದದಿಂದ ಇಲ್ಲಿನ ಕಾಳನ್ನು ಹೆಸರಿಸಿದವನ ಮಾತು ಮತ್ತೊಂದು ಭಾಷೆಗೆ ದಾಟುವಾಗ ವಸ್ತುವೇ ಬದಲಾಯಿತು. ಇನ್ನು ಅರಮನೆಯನ್ನು ನೋಡಲು ಅವನ ತಂಡಕ್ಕೆ ಅನುಮತಿ ದೊರೆತಾಗ, ಬಾಗಿಲಲ್ಲಿ ತಲೆಯೆಣಿಸಿ ಒಳಗೆ ಬಿಟ್ಟರು; ರಾಣೀವಾಸದ ಒಳಭಾಗ ಕಾಣಲಿಲ್ಲ. ಆದ್ದರಿಂದ ಅವನು ಅಳತೆಯಿಟ್ಟು ವರ್ಣಿಸುವ ಬೀದಿ, ಮಂಟಪ, ಕೆರೆಗಳ ವಿವರವನ್ನೂ, ಅಂತಃಪುರವನ್ನು ಕುರಿತು ಕೇಳಿ ಬರೆದ ಸಂಖ್ಯೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೂರನೆಯದು ನೂನಿಜನದು. ಅಚ್ಯುತರಾಯನ ಕಾಲದಲ್ಲಿ, ೧೫೩೫ರಿಂದ ಸುಮಾರು ಮೂರು ವರ್ಷ ಇಲ್ಲಿದ್ದ ಈ ಕುದುರೆಯ ವ್ಯಾಪಾರಿಯು ನಾಯಕರ ಆದಾಯ, ಅವರು ಪೋಷಿಸಬೇಕಾದ ಕುದುರೆ ಕಾಲಾಳುಗಳು, ಅರಸನಿಗೆ ಸಲ್ಲಿಸುವ ಕಾಣಿಕೆ ಇವುಗಳ ಪಟ್ಟಿಯನ್ನು ಕೊಡುತ್ತಾನೆ. ವ್ಯಾಪಾರಕ್ಕೆ ಬೇಕಾದುದನ್ನು ಅವನು ಶ್ರದ್ಧೆಯಿಂದ ತಿಳಿದುಕೊಂಡಿದ್ದನೆಂದು ಊಹಿಸಬಹುದು. ಆದರೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಗುಡ್ಡಗಳ ನಡುವೆ ಇರುವ ರಾಯರ ಕೆರೆಯದೆಂದು ಗುರುತಿಸಲಾಗಿರುವ ಕಟ್ಟೆಯ ವಿಷಯದಲ್ಲಿ ಅವನು ಹೇಳುವುದನ್ನು ನೋಡಿ. ಜೊವಾವ್ ದೆಲ್ಲ ಪೊಂತೆ ಎಂಬ ಪೋರ್ಚುಗೀಸ್ ಶಿಲ್ಪಿಯು ಆ ಕೆಲಸಕ್ಕೆ ಸುಣ್ಣವನ್ನು ಸಿದ್ಧಪಡಿಸಲು ಕೇಳಿದಾಗ ಅರಸನು ನಕ್ಕನಂತೆ; ಏಕೆಂದರೆ ಈ ನಾಡಿನಲ್ಲಿ ಮನೆ ಕಟ್ಟುವಾಗ ಸುಣ್ಣದ ಬಳಕೆಯನ್ನೇ ಅರಿಯರಂತೆ! ಹಂಪೆಯಲ್ಲಿ ಇಟ್ಟಿಗೆ ಗಾರೆಗಳಿಂದ ಎದ್ದ ಗೋಪುರಗಳನ್ನೂ ಕಮಲಮಹಲನ್ನೂ ಕಂಡವರಾರೂ ಈ ಮಾತನ್ನು ಒಪ್ಪಲಾರರು. ಆದರೂ ಇದನ್ನು ಸುಳ್ಳೆಂದು ತಳ್ಳಿಬಿಡಬೇಕಾಗಿಲ್ಲ. ಹುಲ್ಲು ಹೊದಿಸಿದ ಸಾಮಾನ್ಯರ ಮನೆಗಳ ನಡುವೆ ಓಡಾಡಿದವನಿಗೆ ಹಾಗೆ ತೋರಿರಬಹುದು. ಸಹದೇಶೀಯನ ಹಿರಿಮೆಯನ್ನು ಮೆರೆಸುವ ಆಸೆ ಅದಕ್ಕೆ ಕೂಡಿರಬಹುದು.

ನಾಲ್ಕನೆಯದು ವೆನಿಸ್ಸಿನ ಸೀಸರ್ ಫ್ರೆಡರಿಕನದು. ೧೫೬೫ರ ಜನವರಿಯ ರಕ್ಕಸತಂಗಡಿ ಯುದ್ಧವಾಗಿ ಎರಡು ವರ್ಷಗಳ ಮೇಲೆ, ೧೫೬೭ರಲ್ಲಿ, ಅವನು ಇಲ್ಲಿಗೆ ಬಂದನು. ಒಂದು ತಿಂಗಳಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ, ದಾರಿಗಳ್ಳರ ಭಯದಿಂದ ಏಳು ತಿಂಗಳು ನಿಲ್ಲಬೇಕಾಯಿತು. ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ, ಕಾಡುಮೃಗಗಳು ಸೇರಿಕೊಂಡಿವೆ ಎಂದು ಅವನು ಬರೆಯುತ್ತಾನೆ. ಅಲ್ಲಿಂದ ಕರಾವಳಿಗೆ ಇಳಿಯುವಾಗ ಒಬ್ಬ ಪಾಳೆಯಗಾರನ ಸೀಮೆಯಲ್ಲಿ ಇಂದು ನಡೆದ ನಾಣ್ಯ ನಾಳೆ ಇನ್ನೊಬ್ಬನ ಸೀಮೆಯಲ್ಲಿ ನಡೆಯುತ್ತಿರಲಿಲ್ಲ. ಸಾಮ್ರಾಜ್ಯದ ಕುಸಿತವನ್ನು ರಾಜವಂಶಾವಳಿಗಳಿಗಿಂತ ಸ್ಪಷ್ಟವಾಗಿ ತಿಳಿಸುವುದು ದಾರಿಖರ್ಚಿಗೆ ಪರದಾಡಿದ ಪ್ರಯಾಣಿಕನ ಈ ಒಂದು ಮಾತು.

೫. ಡಚ್ಚರ ವಿಷಯ

ರಾಜಧಾನಿ ಹಾಳಾದ ಮೇಲೆ ಬಂದ ಡಚ್ಚರ ರೀತಿ ಭಿನ್ನವಾಗಿದ್ದಿತು. ಅರವೀಡು ವಂಶದ ವೆಂಕಟಪತಿರಾಯನ ಕಾಲದಲ್ಲಿ, ೧೬೧೦ರಲ್ಲಿ, ಪೂರ್ವ ತೀರದ ಪಳವೇರ್ಕಾಡಿನಲ್ಲಿ ಅವರು ನೆಲೆಯೂರಿದರು. ೧೬೧೩ರಲ್ಲಿ ಗೆಲ್ಡ್ರಿಯ ಎಂಬ ಕೋಟೆಯನ್ನು ಕಟ್ಟಿಕೊಂಡರು. ಅರಸನ ಬಿಡಾರದಲ್ಲಿ ಇಳಿದು ಪಡಿಯನ್ನು ಪಡೆದವನಿಗೂ, ಸ್ವಂತ ಕೋಟೆಯಲ್ಲಿ ತನ್ನವರೊಡನೆ ಬಾಳುವವನಿಗೂ ಅಂತರವುಂಟು. ಆದರೂ ಆ ಕೋಟೆಯ ಪಾದ್ರಿಯಾಗಿದ್ದ ಅಬ್ರಹಾಂ ರೊಜೇರಿಯಸನು ಪದ್ಮನಾಭನೆಂಬ ಬ್ರಾಹ್ಮಣನ ಬಳಿ ಕುಳಿತು ಇಲ್ಲಿನ ಆಚಾರವಿಚಾರಗಳನ್ನು ಕೇಳಿ ಬರೆದುಕೊಂಡನು. ಭರ್ತೃಹರಿಯ ಸುಭಾಷಿತಗಳೂ ಸೇರಿರುವ ಅವನ ಗ್ರಂಥ ೧೬೫೧ರಲ್ಲಿ ಪ್ರಕಟವಾಯಿತು. ಗೋಡೆಗಳ ಒಳಗಿದ್ದವನಿಗೂ ಒಬ್ಬ ಸ್ನೇಹಿತನ ಮೂಲಕ ನಾಡಿನ ಬಾಗಿಲು ತೆರೆಯಬಹುದೆಂಬುದಕ್ಕೆ ಇದು ಸಾಕ್ಷಿ.

೬. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ಪರದೇಶೀಯನು ಅರಸನ ಕೃಪೆಯಿಂದ ಬಾಳುತ್ತಿದ್ದುದರಿಂದ ಅವನ ಹೊಗಳಿಕೆ ತೆಗಳಿಕೆಗಳೆರಡರಲ್ಲಿಯೂ ಅವನ ಅನ್ನದ ಋಣ ಸೇರಿದೆ, ಇದು ಒಂದು. ಹೊಂದಾಣಿಕೆಯೆಂಬುದು ಬಂದವನೊಬ್ಬನದೇ ಕೆಲಸವಲ್ಲ, ಪಡಿ, ತಾಂಬೂಲ, ಕಬಾಯಿಗಳ ಮೂಲಕ ಬರಮಾಡಿಕೊಂಡವರೂ ಅದರಲ್ಲಿ ಪಾಲುಗೊಂಡರು, ಇದು ಮತ್ತೊಂದು. ಆದಕಾರಣ ವಿದ್ಯಾರ್ಥಿಗಳು ಈ ಬರಹಗಳಿಂದ ಒಂದು ವಾಕ್ಯವನ್ನು ಉದ್ಧರಿಸುವ ಮುನ್ನ, ಲೇಖಕನು ಆಗ ಎಲ್ಲಿ ತಂಗಿದ್ದನು, ಅವನಿಗೆ ಅರ್ಥವನ್ನು ತಿಳಿಸಿದವರು ಯಾರು, ಆ ದಿನ ಅವನಿಗೆ ಪಡಿ ಸಂದಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಹಂಪೆಗೆ ಅಧ್ಯಯನಪ್ರವಾಸ ಬಂದಾಗ ದೇವಾಲಯಗಳನ್ನು ನೋಡಿದಂತೆಯೇ ಅಹಮದ್ ಖಾನನ ಧರ್ಮಸಾಲೆಯನ್ನೂ, ಕಡಿರಾಂಪುರದ ಗೋರಿಗಳನ್ನೂ, ಸಂಡೂರಿನ ದಾರಿಯ ಕೆರೆಯ ಕಟ್ಟೆಯನ್ನೂ ನೋಡತಕ್ಕದ್ದು. ಗ್ರಂಥದಲ್ಲಿರುವ ಪರದೇಶೀಯನ ಮಾತನ್ನು ಒರೆಗೆ ಹಚ್ಚುವ ಕಲ್ಲುಗಳು ಅಲ್ಲಿ ಇನ್ನೂ ನಿಂತಿವೆ.